ಲೆವಂಟ್‌ನಲ್ಲಿ ಸುರಂಗಪ್ರವೇಶ ಸಿಗದಿದ್ದುದಕ್ಕೆ

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಲೆವಂಟ್ ಗಣಿಯಲ್ಲಿ ಸುರಂಗ ಸುತ್ತಲಾಗಲಿಲ್ಲ, ಉಗಿಯಂತ್ರವೂ ನಿಂತಿತ್ತು ಎಂದಿದ್ದೀರಿ. ಬಹುಶಃ ಲೆವಂಟ್ ಮತ್ತು ಪಕ್ಕದ ಗೀವರ್ ಗಣಿ ಎರಡನ್ನೂ ಒಂದೇ ಎಂದುಕೊಂಡಿದ್ದೀರಿ. ಸುರಂಗದೊಳಗೆ ಕರೆದೊಯ್ಯುವುದು ಗೀವರ್‌ನಲ್ಲಿ. ಲೆವಂಟ್‌ನ ಹೆಗ್ಗಳಿಕೆ 1840ರ ಉಗಿಯಂತ್ರ. ಅದನ್ನು ಎಲ್ಲ ದಿನವೂ ಓಡಿಸುವುದಿಲ್ಲ. ನೀವು ಹೋದಾಗ ದುರಸ್ತಿಯೂ ನಡೆದಿರಬಹುದು.

ಮೊದಲು ಲೆವಂಟ್ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಜಾಲತಾಣದಲ್ಲಿ ಯಂತ್ರ ಓಡುವ ದಿನ ನೋಡಿ. ಅಂದು ಗೀವರ್ ತೆರೆದಿರುತ್ತದೆಯೇ ಎಂದೂ ಖಚಿತಪಡಿಸಿಕೊಳ್ಳಿ, ಅದಕ್ಕೆ ವಾರದ ರಜೆಗಳಿವೆ. ಬೆಳಿಗ್ಗೆ ಗೀವರ್‌ಗೆ ಹೋಗಿ. ಸುರಂಗ ಹದಿನೆಂಟನೆಯ ಶತಮಾನದ್ದು, ಇಕ್ಕಟ್ಟು, ತಗ್ಗು. ಎತ್ತರದವರು ಬಗ್ಗಿಯೇ ನಡೆಯಬೇಕು. ಗಟ್ಟಿ ಬೂಟು ಇರಲಿ. ಇಕ್ಕಟ್ಟಿಗೆ ಹೆದರುವವರು ಮೇಲೆಯೇ ಉಳಿದು ತವರದ ಅದಿರು ಸಂಸ್ಕರಿಸುತ್ತಿದ್ದ ಗಿರಣಿಯನ್ನೂ ಕಾರ್ಮಿಕರ ಬಟ್ಟೆ ಬದಲಿಸುವ ಕೋಣೆಯನ್ನೂ ನೋಡಲಿ. 1990ರಲ್ಲಿ ಕೆಲಸ ನಿಂತ ಗಣಿಯಾದ್ದರಿಂದ ಆ ಕೋಣೆ ಇನ್ನೂ ಜೀವಂತವೆನಿಸುತ್ತದೆ; ನನಗೆ ಸುರಂಗಕ್ಕಿಂತ ಅದೇ ಹೆಚ್ಚು ಹಿಡಿಸಿತು.

ಆಮೇಲೆ ಕಡಲಂಚಿನ ಕಾಲುದಾರಿಯಲ್ಲಿ ಲೆವಂಟ್‌ಗೆ ನಡೆಯಿರಿ, ದೂರವೇನಿಲ್ಲ. ಯಂತ್ರದ ಜೊತೆಗೆ 1919ರಲ್ಲಿ ಕಾರ್ಮಿಕರನ್ನು ಮೇಲೆ ತರುವ ಯಂತ್ರ ಮುರಿದು 31 ಮಂದಿ ಸತ್ತ ಗಣಿಬಾವಿಯನ್ನೂ ತಪ್ಪದೆ ನೋಡಿ.

ಎರಡೂ ಒಂದೇ ದಿನ ಹೊಂದದಿದ್ದರೆ ಯಂತ್ರ ಓಡುವ ದಿನಕ್ಕೇ ಆದ್ಯತೆ ಕೊಡಿ. ಹತ್ತಿರದ ಪೆಂಡೀನ್ ಹಳ್ಳಿಯಲ್ಲಿ ಉಳಿದು ಗೀವರ್ ತೆರೆಯುವ ದಿನ ಅಲ್ಲಿಗೆ ಹೋಗಬಹುದು.