ಎಂಜಿನ್ ಆಯ್ಕೆ ಮಾಡುವ ಮೊದಲು ಜೀಪಿನ ಅಡಿಗೆ ಮಲಗಿ ನೋಡಿ

ನಿಮ್ಮ ಮಹೀಂದ್ರ ಎಂಎಂ 540 ಜೀಪು ಹೊಗೆ ಉಗುಳುತ್ತಿದೆ, ಅದರ ಪ್ಯೂಜೋ ಡೀಸೆಲ್ ಎಂಜಿನ್ ಇಳಿಸಿ ಜಾಸ್ತಿ ಎಚ್‌ಪಿ (ಅಶ್ವಶಕ್ತಿ) ಇರುವ ಯಾವುದನ್ನು ಕೂರಿಸಬಹುದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ನಾನೂ ಶಿರಸಿಯಿಂದ ಹುಬ್ಬಳ್ಳಿವರೆಗೆ ಅಲೆದಿದ್ದೇನೆ. ನಮ್ಮದೂ 540. ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತರುವುದು, ತೋಟಕ್ಕೆ ಗೊಬ್ಬರ ಇಳಿಸುವುದು, ಸುಗ್ಗಿ ಮುಗಿದ ಮೇಲೆ ಅಡಿಕೆ ಚೀಲ ಪೇಟೆಗೆ ಒಯ್ಯುವುದು, ಎಲ್ಲ ಅದರಲ್ಲೇ.

ಸೈಟ್‌ಗಳನ್ನು ಓದಿ ಓದಿ ನನ್ನ ತಲೆಯಲ್ಲಿ ಎಚ್‌ಪಿ ಒಂದೇ ಕೂತಿತ್ತು. ಆಗಲೇ ಗುಜರಿಯಲ್ಲಿ ಒಂದು ಬಾಡಿಗೆ ವ್ಯಾನಿನಿಂದ ಬಿಚ್ಚಿದ ಡೀಸೆಲ್ ಎಂಜಿನ್ ಸಿಕ್ಕಿತು. ಒಳ್ಳೆ ಎಂಜಿನ್ನೇ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ಬೆಲೆಯೂ ಕಮ್ಮಿ. ಅಡ್ವಾನ್ಸ್ ಕೊಟ್ಟುಬಿಟ್ಟೆ.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲೇ.

ಜೀಪು ಫೋರ್ ವೀಲ್ ಡ್ರೈವ್ ಗಾಡಿ, ಎಂಜಿನ್ ಮುಂದಿನ ಚಕ್ರವನ್ನೂ ತಿರುಗಿಸುತ್ತದೆ. ಮುಂದಿನ ಆಕ್ಸಲ್ ಮತ್ತು ಅದರ ದಪ್ಪ ಹೌಸಿಂಗ್ (ಒಳಗೆ ಗೇರ್ ಇರುವ ಉಬ್ಬಿದ ಕವಚ) ಎಂಜಿನ್ನಿನ ಅಡಿಯಲ್ಲೇ ಹಾದುಹೋಗುತ್ತವೆ. ಹಿಂದಿನ ಎರಡೇ ಚಕ್ರ ತಿರುಗಿಸುವ ವ್ಯಾನಿನಲ್ಲಿ ಆ ಜಾಗ ಖಾಲಿ. ಹಾಗಾಗಿ ವ್ಯಾನಿನ ಎಂಜಿನ್ನಿಗೆ ಆಯಿಲ್ ಚೇಂಬರ್‌ನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಆಳದ ಭಾಗ ಮುಂದಕ್ಕಿತ್ತು, ಸರಿಯಾಗಿ ನಮ್ಮ ಹೌಸಿಂಗ್ ಮೇಲೆ. ಇದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಮೆಕ್ಯಾನಿಕ್ ಅಳತೆ ತೆಗೆದೇ ಎಂಜಿನ್ ಕೂರುವ ಮೌಂಟಿಂಗ್ ಬೆಸುಗೆ ಹಾಕಿದ. ಚೇಂಬರ್‌ಗೂ ಹೌಸಿಂಗ್‌ಗೂ ಮಧ್ಯೆ ನಾಲ್ಕು ಬೆರಳು ಜಾಗ ಇತ್ತು. ನಾನೇ ಕೈ ಹಾಕಿ ನೋಡಿದ್ದೇನೆ. ಆದರೆ ಆಗ ಚಾಸಿ ಮರದ ದಿಮ್ಮಿ ಮೇಲಿತ್ತು. ಚಕ್ರಕ್ಕೆ ನೆಲ ಇಲ್ಲ, ಆಕ್ಸಲ್ ಪಾಟಾಕ್ಕೆ (ಪಟ್ಟಿ ಸ್ಪ್ರಿಂಗಿಗೆ) ಜೋತುಬಿದ್ದು ಕೆಳಗೆ ಇಳಿದಿತ್ತು. ಗಾಡಿ ನೆಲಕ್ಕೆ ಬಂದರೆ ಪಾಟಾ ಕೂರುತ್ತದೆ, ಆಕ್ಸಲ್ ಮೇಲೆ ಬರುತ್ತದೆ. ಹಿಂದೆ ಲೋಡ್ ಇದ್ದು ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಭಾರವೆಲ್ಲ ಮುಂದೆ ಬಂದು ಇನ್ನೂ ಮೇಲೆ. ಗುಂಡಿಗೆ ಬಿದ್ದರೆ, ಆಕ್ಸಲ್ ಅನ್ನು ತಡೆಯುವ ರಬ್ಬರ್ ಸ್ಟಾಪ್‌ಗೆ ಹೊಡೆಯುವವರೆಗೂ ಮೇಲೆ. ನಾಲ್ಕು ಬೆರಳು ಎಲ್ಲಿ ಉಳಿಯುತ್ತದೆ ಹೇಳಿ? ನಾವು ಅಳೆದದ್ದು ಗಾಡಿ ಗಾಳಿಯಲ್ಲಿದ್ದಾಗಿನ ಜಾಗ. ಅಳೆಯಬೇಕಾದದ್ದು ಪಾಟಾ ಪೂರ್ತಿ ಕೂತಾಗಿನ ಜಾಗ.

ಪೇಟೆಯಲ್ಲಿ ಖಾಲಿ ಓಡಿಸುವಾಗ ಏನೂ ಆಗಲಿಲ್ಲ. ದೇವಿಮನೆ ಘಟ್ಟವನ್ನೂ ಹತ್ತಿಸಿದೆ, ಚೆನ್ನಾಗಿ ಎಳೆಯಿತು. ಮಳೆಗಾಲ ಶುರುವಾದ ಮೇಲೆ ವಾನಳ್ಳಿ ಕಡೆಯ ಒಂದು ಇಳುಕಲಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಇಳಿಯುತ್ತಿದ್ದೆ. ನೀರು ಕೊರೆದ ಗಟಾರಕ್ಕೆ ಮುಂದಿನ ಚಕ್ರ ಬಿತ್ತು. ಅಡಿಯಿಂದ ಒಂದು ಏಟು ಕೇಳಿಸಿತು. ಕಲ್ಲು ತಾಗಿರಬೇಕು ಅಂತ ಮುಂದೆ ಹೋದೆ. ಅಲ್ಯೂಮಿನಿಯಂ ಚೇಂಬರ್, ಉದ್ದಕ್ಕೆ ಸೀಳಿತ್ತು. ಕೆಂಪು ನೀರಿನ ಮೇಲೆ ಆಯಿಲ್ ಹರಿದಿದ್ದು ಹಿಂದೆ ನಡೆದು ಬರುತ್ತಿದ್ದ ಆಳಿಗೆ ಕಂಡಿದೆ, ಕೂಗಿದ್ದಾನೆ, ಮಳೆಯಲ್ಲಿ ನನಗೆ ಕೇಳಿಸಲಿಲ್ಲ. ಮುಂದಿನ ಏರು ಹತ್ತುವಾಗ ಎಂಜಿನ್ ಜಾಮ್. ಬೇರಿಂಗ್, ಕ್ರ್ಯಾಂಕ್ ಎಲ್ಲ ಹೋಯಿತು.

ಹಾಗಾಗಿ ಯಾವ ಎಂಜಿನ್ ತಂದರೂ ಮೊದಲು ಹೀಗೆ ಮಾಡಿ. ಖಾಲಿ ಬ್ಲಾಕಿಗೆ ಚೇಂಬರ್ ಕಟ್ಟಿ ಮೌಂಟಿಂಗ್ ಮೇಲೆ ಕೂರಿಸಿ. ಮುಂದಿನ ಪಾಟಾದಲ್ಲಿ ಮೇನ್ ಪ್ಲೇಟ್ ಒಂದನ್ನೇ ಬಿಟ್ಟು ಉಳಿದದ್ದು ಬಿಚ್ಚಿ. ಹೌಸಿಂಗ್ ಮೇಲೆ ಹಸಿ ಜೇಡಿಮಣ್ಣಿನ ಉಂಡೆ ಇಡಿ. ಜಾಕ್‌ನಿಂದ ಆಕ್ಸಲ್ ಅನ್ನು ರಬ್ಬರ್ ಸ್ಟಾಪ್ ಮುಟ್ಟುವವರೆಗೆ ಎತ್ತಿ, ಇಳಿಸಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅದೇ ನಿಮ್ಮ ಜಾಗ. ಒಂದು ಇಂಚಿಗಿಂತ ಕಮ್ಮಿ ಇದ್ದರೆ ಬೇಡ, ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುತ್ತದೆ ಅಲ್ವಾ. ಎಡಕ್ಕೆ ಬಲಕ್ಕೆ ಒಂದೊಂದೇ ಬದಿ ಎತ್ತಿಯೂ ನೋಡಿ, ಮುಂದಿನ ಆಕ್ಸಲ್ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲೂ ತಾಗಬಾರದು.

ಇನ್ನು ನಿಮ್ಮ ಎಚ್‌ಪಿ ವಿಷಯ. ಅದೇ ತಪ್ಪು ಲೆಕ್ಕ ಅಂತ ನನ್ನ ಅಭಿಪ್ರಾಯ. ನಿಮ್ಮ ಪ್ಯೂಜೋ 2112 ಸಿಸಿ, 62 ಎಚ್‌ಪಿ, 4500 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತದೆ. ಮಹೀಂದ್ರ ತಾನೇ ನಂತರದ ಜೀಪುಗಳಿಗೆ, ಬೊಲೆರೊಗೆ ಹಾಕಿದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ 3200ಕ್ಕೇ ನಿಲ್ಲುತ್ತದೆ. ಆದರೆ ಕೆಳಗಿನ ಆರ್‌ಪಿಎಂನಲ್ಲಿ ಅದರ ಎಳೆತ ಜಾಸ್ತಿ, ಕೆಸರಿನಲ್ಲಿ ಬೇಕಾಗಿರುವುದು ಅದೇ. ಕ್ರೌನ್ ಪಿನಿಯನ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) ಮಾತ್ರ ನೋಡಿಕೊಳ್ಳಿ. ಹಳೆ ವಿಲ್ಲೀಸ್ ಜೀಪಿನ ಲೆಕ್ಕದ 5.38 ಇದ್ದರೆ, 6.00-16 ಟೈರಿನಲ್ಲಿ, ಟಾಪ್ ಗೇರಿನಲ್ಲಿ ಡಿಐ ಗಂಟೆಗೆ ಸುಮಾರು 78 ಕಿ.ಮೀ.ಗೆ ಮುಗಿಯಿತು. ತೋಟದ ಗಾಡಿಗೆ ಅಷ್ಟು ಸಾಕು. ಕುಮಟಾ, ಕಾರವಾರ ಅಂತ ಹೆದ್ದಾರಿ ಓಡಿಸುವವರಾದರೆ ಐದು ಗೇರಿನ ಬಾಕ್ಸ್ ಬೇಕು. ಹೇಗೂ ಎಂಜಿನ್ ಒಂದನ್ನೇ ತರಬೇಡಿ. ಬೆಲ್ ಹೌಸಿಂಗ್, ಕ್ಲಚ್, ಗೇರ್ ಬಾಕ್ಸ್, ರೇಡಿಯೇಟರ್ ಒಂದೇ ಗಾಡಿಯದ್ದು ತನ್ನಿ. ನಾನು ಕೊನೆಗೆ ಹಾಗೇ ಡಿಐ ಹಾಕಿಸಿದೆ, ಅದೇ ಈಗಲೂ ಓಡುತ್ತಿದೆ.

ಕಾಮನ್ ರೈಲ್ ಎಂಜಿನ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಹೊಸ ತರದ್ದು) ಆಸೆ ಬಿಡಿ. ಇಸಿಯು ಅನ್ನುವ ಆ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಎಲ್ಲ ಜೊತೆಗೆ ಬರಬೇಕು. ಹಳ್ಳ ದಾಟುವಾಗ ಒಂದು ಸೆನ್ಸರ್ ಕೈಕೊಟ್ಟರೆ ಕಾಡಿನ ಮಧ್ಯೆ ಸ್ಕ್ಯಾನರ್ ಎಲ್ಲಿಂದ ತರ್ತೀರಿ?

ಕಾಗದದ ಕೆಲಸ ಹಗುರವಾಗಿ ತಗೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್‌ಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದ್ದರಿಂದ ಡಿಐ ಕೂಡ ತರುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ, ಎಂಜಿನ್ನಿನ ಬಿಲ್ ಇಟ್ಟುಕೊಳ್ಳಿ, ಹೊಸ ಎಂಜಿನ್ ನಂಬರ್ ಆರ್‌ಸಿಗೆ ಹತ್ತಿಸಿಕೊಳ್ಳಿ. 15 ವರ್ಷ ದಾಟಿದ ಗಾಡಿ ರಿನ್ಯೂವಲ್‌ಗೆ ಹೋದಾಗ ನಂಬರ್ ತಾಳೆ ಆಗದಿದ್ದರೆ ಅಲ್ಲೇ ನಿಲ್ಲುತ್ತೀರಿ. ಇನ್ಶೂರೆನ್ಸ್ ಕ್ಲೇಮ್‌ಗೂ ಅದೇ ತೊಂದರೆ.

ಇಷ್ಟೆಲ್ಲ ಹೇಳಿದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪ್ಯೂಜೋವನ್ನೇ ಬಿಚ್ಚಿಸುತ್ತಿದ್ದೆ. ಹೊಗೆ ಕಪ್ಪೋ, ನೀಲಿಯೋ, ಬಿಳಿಯೋ ನೀವು ಬರೆದಿಲ್ಲ. ಕಪ್ಪಾದರೆ ಪಂಪ್, ನಾಝಲ್, ಏರ್ ಫಿಲ್ಟರ್ ನೋಡಿಸಿದರೆ ಸರಿಹೋಗಬಹುದು. ನೀಲಿಯಾದರೆ ಆಯಿಲ್ ಸುಡುತ್ತಿದೆ, ಬೋರ್ ಕೆಲಸ (ಸವೆದ ಸಿಲಿಂಡರ್ ಸರಿಮಾಡುವುದು) ಬರುತ್ತದೆ, ಆದರೂ ಬೇರೆ ಎಂಜಿನ್ ಕೂರಿಸುವ ಖರ್ಚಿಗಿಂತ ಕಮ್ಮಿಗೆ ಮುಗಿಯಬಹುದು. ಬಣ್ಣ ಯಾವುದು, ಗೇರ್ ಬಾಕ್ಸ್ ನಾಲ್ಕರದೋ ಐದರದೋ ತಿಳಿಸಿ. ಅಲ್ಲಿವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.