ಜನರಲ್ ತಿಮ್ಮಯ್ಯ ರಾಜೀನಾಮೆ ಹಿಂಪಡೆದದ್ದು ಸರಿಯೇ?

ರಾಜೀನಾಮೆ ಕೊಟ್ಟು ಮತ್ತೆ ವಾಪಸ್ ಪಡೆದವರನ್ನು ಇಷ್ಟೊಂದು ಹೊಗಳುವುದೇಕೆ ಎಂದು ಕೇಳಿದ್ದೀರಿ. ಮೊದಲು ಆ ಪತ್ರದ ವಿಷಯ ಮುಗಿಸಿಬಿಡುತ್ತೇನೆ. 1959ರ ಆಗಸ್ಟ್ ಕೊನೆಗೆ ಭೂಸೇನಾ ಮುಖ್ಯಸ್ಥ ತಿಮ್ಮಯ್ಯನವರಿಗೂ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರಿಗೂ ಸಂಬಂಧ ಪೂರ್ತಿ ಹಳಸಿತ್ತು. ರಾಜೀನಾಮೆ ಬರೆದುಕೊಟ್ಟರು. ನೆಹರೂ ಕರೆಸಿ ಮಾತನಾಡಿ ಹಿಂತೆಗೆಸಿದರು. ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಆಕ್ಷೇಪಿಸಿದರು. ಕೊಟ್ಟ ಮೇಲೆ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದೇ ನನಗೂ ಅನಿಸುತ್ತದೆ. ಆದರೆ 35 ವರ್ಷ ಸಮವಸ್ತ್ರದಲ್ಲಿದ್ದವರನ್ನು ಆ ಎರಡು ದಿನಗಳಿಂದಲೇ ಅಳೆಯುತ್ತೀರಾ?

ನಾನು ಅಳೆಯುವುದು 1948ರಿಂದ. ಪಾಕಿಸ್ತಾನದೊಡನೆ ಮೊದಲ ಯುದ್ಧ ನಡೆಯುತ್ತಿತ್ತು. ಕಾಶ್ಮೀರದಲ್ಲಿ ಮೇಜರ್ ಜನರಲ್ ಆಗಿ ಡಿವಿಷನ್ ಒಂದರ, ಅಂದರೆ ಸಾವಿರಾರು ಸೈನಿಕರ ದೊಡ್ಡ ದಳದ, ಹೊಣೆ ಹೊತ್ತಿದ್ದರು. ಲಡಾಖ್‌ನ ಲೇಹ್ ಶತ್ರುಗಳ ಪಾಲಾಗುವ ಹಂತದಲ್ಲಿತ್ತು. ಮೇ ತಿಂಗಳಲ್ಲಿ ಮೆಹರ್ ಸಿಂಗ್ ಎಂಬ ವಾಯುಸೇನಾ ಅಧಿಕಾರಿ, ಊರಿನವರು ಅವಸರದಲ್ಲಿ ಸಮ ಮಾಡಿದ್ದ ನೆಲದ ಮೇಲೆ ಡಕೋಟಾ ವಿಮಾನ ಇಳಿಸಿದರು. ಅಲ್ಲಿಯವರೆಗೆ ಲೇಹ್‌ನಲ್ಲಿ ಯಾವ ವಿಮಾನವೂ ಇಳಿದಿರಲಿಲ್ಲ. ಒಳಗೆ ಕುಳಿತಿದ್ದವರಲ್ಲಿ ತಿಮ್ಮಯ್ಯನವರೂ ಒಬ್ಬರು. ಡಿವಿಷನ್ ಕಮಾಂಡರ್ ಬರಲೇಬೇಕೆಂದೇನೂ ಇರಲಿಲ್ಲ.

ಇನ್ನು ಜೋಜಿಲಾ. ಶ್ರೀನಗರ–ಲೇಹ್ ದಾರಿಯಲ್ಲಿ ಬೆಟ್ಟ ದಾಟುವ ಈ ಕಣಿವೆಮಾರ್ಗ ಸುಮಾರು 11,500 ಅಡಿ ಎತ್ತರದಲ್ಲಿದೆ. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳ ದಾಳಿ ವಿಫಲವಾಯಿತು. ಆಗ ಟ್ಯಾಂಕ್ ಹತ್ತಿಸುವ ನಿರ್ಧಾರ ಆಯಿತು. ಸುದ್ದಿ ಸೋರದಂತೆ ಸ್ಟುವರ್ಟ್ ಟ್ಯಾಂಕ್‌ಗಳ ಮೇಲಿನ ಗೋಪುರ ಬಿಚ್ಚಿ ಜಮ್ಮುವಿನಿಂದ ಸಾಗಿಸಿದರು. ದಾರಿಯ ಸೇತುವೆಗಳು ಪೂರ್ತಿ ಭಾರ ತಡೆಯುತ್ತಿರಲಿಲ್ಲ ಕೂಡ. ಜೋಜಿಲಾದ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆಯ ಹಾದಿ. ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು, ನಮ್ಮ ಬೆಂಗಳೂರಿನಲ್ಲೇ ನೆಲೆಯಿರುವ ಸೇನಾ ಎಂಜಿನಿಯರ್‌ಗಳ ಪಡೆ. ನವೆಂಬರ್ 1ರಂದು, ಹಿಮ ಬೀಳುವ ಕಾಲದಲ್ಲಿ, ಟ್ಯಾಂಕ್‌ಗಳು ಕಣಿವೆಯೊಳಗೆ ನುಗ್ಗಿದವು. ಎದುರಾಳಿಗಳು ನಿರೀಕ್ಷಿಸಿರಲಿಲ್ಲ. ಮುಂಚೂಣಿಯ ಟ್ಯಾಂಕ್‌ನಲ್ಲಿ ತಿಮ್ಮಯ್ಯನವರೇ ಇದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೂಡ ಕೈಗೆ ಬಂದವು.

ಇದು ಹುಂಬತನವಲ್ಲವೇ ಎಂದು ನೀವು ಕೇಳಬಹುದು. ಇರಲೂಬಹುದು. ಆದರೆ ಬರ್ಮಾದಲ್ಲಿ ಬ್ರಿಗೇಡ್ ನಡೆಸಿ, ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಪಡೆದು ಬಂದವರು; ಸೈನಿಕ ಯಾವಾಗ ಹಿಂಜರಿಯುತ್ತಾನೆ ಎಂಬುದು ಅವರಿಗೆ ತಿಳಿದಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದರೆ ಇವರು ಬ್ರಿಟಿಷರ ಸೇನೆಯಲ್ಲಿದ್ದರು. ಆ ಮನೆಯ ಊಟದ ಮೇಜಿನ ಮಾತು ಕೇಳುವ ಆಸೆ ನನಗೆ. ಕೊರಿಯಾ ಯುದ್ಧ ಮುಗಿದಾಗ, ತಾಯ್ನಾಡಿಗೆ ಮರಳಲು ಒಲ್ಲದ ಸಾವಿರಾರು ಕೈದಿಗಳ ವಿಚಾರ ನೋಡುವ ಆಯೋಗಕ್ಕೆ ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥ. ನಿವೃತ್ತಿಯ ನಂತರ ವಿಶ್ವಸಂಸ್ಥೆ ಅವರನ್ನು ಸೈಪ್ರಸ್‌ಗೆ ಕರೆಯಿತು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಚಿತ್ರದ ಅಂಚೆಚೀಟಿ ತಂದಿತು.

ಮಡಿಕೇರಿಗೆ ಹೋದರೆ 'ಸನ್ನಿ ಸೈಡ್' ನೋಡಿ ಬನ್ನಿ. ಅವರು ಬೆಳೆದ ಮನೆ ಅದು, 2021ರಿಂದ ವಸ್ತುಸಂಗ್ರಹಾಲಯ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದೇ ಹೆಸರಿದೆ. ಒಮ್ಮೆ ಹಟಕ್ಕೆ ಬಿದ್ದು ಆಟೋ ಚಾಲಕರಿಗೆ 'ಜನರಲ್ ತಿಮ್ಮಯ್ಯ ರಸ್ತೆ' ಎಂದೇ ಹೇಳಿದೆ. 'ಅದೆಲ್ಲಿ ಬರುತ್ತದೆ ಸಾರ್?' ಎಂದರು. ರಿಚ್ಮಂಡ್ ರಸ್ತೆ ಎಂದ ಮೇಲೆಯೇ ಮೀಟರ್ ಹಾಕಿದ್ದು.