ಮದುವೆ ಡಿವಿಡಿ ಅಮೆರಿಕದ ಟಿವಿಯಲ್ಲಿ ಓಡುತ್ತದಾ?

ಮುಂದಿನ ತಿಂಗಳು ನ್ಯೂಜೆರ್ಸಿಗೆ ಬರುತ್ತಿದ್ದೇನೆ, ಮದುವೆ ಡಿವಿಡಿ ಮತ್ತು ಒಂದಿಷ್ಟು ಕನ್ನಡ ಸಿನಿಮಾ ಡಿವಿಡಿ ತರಬೇಕು, ರೀಜನ್ ಕೋಡ್ ತೊಂದರೆ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ತನ್ನಿ. ಎಲ್ಲರೂ ರೀಜನ್ ಬಗ್ಗೆಯೇ ಕೇಳುತ್ತಾರೆ, ಆದರೆ ಇಲ್ಲಿ ಜಾಸ್ತಿ ಕಾಡುವುದು ಪ್ಯಾಲ್, ಅಂದರೆ ನಮ್ಮ ಊರಿನ ಟಿವಿ ಚಿತ್ರದ ಪದ್ಧತಿ.

ರೀಜನ್ ವಿಷಯ ಸುಲಭ, ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅಂತ ಹೇಳುವ ಸಂಖ್ಯೆ ಅದು. ಅಮೆರಿಕ 1, ಭಾರತ 5. ಸಿನಿಮಾ ಡಿವಿಡಿಯ ಡಬ್ಬಿ ಹಿಂದೆ ಪುಟ್ಟ ಗ್ಲೋಬ್ ಗುರುತಿನಲ್ಲಿ 5 ಅಂತ ಇದ್ದರೆ ಇಲ್ಲಿನ ಮಾಮೂಲಿ ಪ್ಲೇಯರ್ ಒಪ್ಪುವುದಿಲ್ಲ, 0 ಅಥವಾ 'ಆಲ್' ಅಂತ ಇದ್ದರೆ ಚಿಂತೆ ಇಲ್ಲ. ಮದುವೆ ಡಿವಿಡಿ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ರೈಟ್ ಮಾಡಿ ಕೊಟ್ಟಿದ್ದು, ಅದಕ್ಕೆ ರೀಜನ್ ಕಾಟವೇ ಇರುವುದಿಲ್ಲ.

ಆದರೆ ಅದು ಪ್ಯಾಲ್ ಆಗಿರುತ್ತದೆ: 576 ಗೆರೆ, ಸೆಕೆಂಡಿಗೆ 25 ಚಿತ್ರ. ಇಲ್ಲಿಯದು ಎನ್‌ಟಿಎಸ್‌ಸಿ, 480 ಗೆರೆ, ಸುಮಾರು 30 ಚಿತ್ರ. ನಾನು ಬಂದ ಹೊಸತರಲ್ಲಿ ನಮ್ಮ ಮದುವೆ ಡಿಸ್ಕ್ ಹಾಕಿದರೆ ಚಿತ್ರ ಕಪ್ಪು ಬಿಳುಪಾಗಿ ಮೇಲಿಂದ ಕೆಳಗೆ ಉರುಳುತ್ತಿತ್ತು, ಅದರಲ್ಲಿ ನಮ್ಮ ಅಜ್ಜಿ ಹಸೆಗೆ ಕರೆಯುವ ಹಾಡು ಹಾಡಿದ್ದು ಇತ್ತು, ಅವರೂ ಆಗಲೇ ಇರಲಿಲ್ಲ, ಡಿಸ್ಕ್ ಹಾಳಾಯಿತು ಅಂದುಕೊಂಡು ಆ ರಾತ್ರಿ ನಿದ್ದೆಯೇ ಬರಲಿಲ್ಲ. ಮಾರನೇ ದಿನ ಲ್ಯಾಪ್‌ಟಾಪಿಗೆ ಹಾಕಿದರೆ ಚೆನ್ನಾಗಿ ಓಡಿತು! ಕಂಪ್ಯೂಟರಿಗೆ ಪ್ಯಾಲ್ ಆದರೂ ಒಂದೇ, ಎನ್‌ಟಿಎಸ್‌ಸಿ ಆದರೂ ಒಂದೇ. ಒಂದೇ ಎಚ್ಚರಿಕೆ, ಡ್ರೈವ್ ರೀಜನ್ ಬದಲಿಸಲಾ ಅಂತ ಕೇಳಿದರೆ ಸುಮ್ನೆ ಒತ್ತಬೇಡಿ. 5 ಸಲ ಬದಲಿಸಿದ ಮೇಲೆ ಅದು ಅಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ.

ಟಿವಿಯಲ್ಲೇ ನೋಡಬೇಕು ಅಂದರೆ ಎಲ್ಲಾ ರೀಜನ್ ಓಡಿಸುವ, ಜೊತೆಗೆ ಪ್ಯಾಲನ್ನು ಎನ್‌ಟಿಎಸ್‌ಸಿಗೆ ಬದಲಿಸಿ ಕೊಡುವ ಪ್ಲೇಯರ್ ತಗೊಳ್ಳಿ. ಎರಡೂ ಇರಬೇಕು. ಊರಿನ ಪ್ಲೇಯರನ್ನೇ ತರುವುದಾದರೆ ಹಿಂದಿನ ಚೀಟಿಯಲ್ಲಿ 100-240 ವೋಲ್ಟ್ ಅಂತ ಇದೆಯಾ ನೋಡಿ, ಇಲ್ಲಿ ಕರೆಂಟ್ 120 ವೋಲ್ಟ್.

ಇನ್ನು ಊರಿನ ಟಿವಿಯಲ್ಲಿ ಎಲ್ಲರ ಮುಖ ಅಗಲವಾಗಿ ಕಾಣುತ್ತದೆ ಅಂದಿರಲ್ಲ, ಅದು ಡಿಸ್ಕಿನ ತಪ್ಪಲ್ಲ. ಹಳೇ ಮದುವೆ ವಿಡಿಯೋಗಳು 4:3, ಈಗಿನ ಟಿವಿ 16:9, ಟಿವಿ ಅದನ್ನು ಎಳೆದು ತುಂಬಿಸುತ್ತಿದೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ 4:3 ಮಾಡಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ, ಮುಖ ಮುಖದ ಹಾಗೆ ಕಾಣಬೇಕು ಅಲ್ವಾ? ಸಿನಿಮಾಸ್ಕೋಪ್ ಚಿತ್ರ ಟಿವಿಗಿಂತ ಅಗಲ, 2.35:1, ಹಾಗಾಗಿ ಮೇಲೆ ಕೆಳಗೆ ಪಟ್ಟಿ ಸಹಜ. ನಾಲ್ಕೂ ಕಡೆ ಕಪ್ಪಿದ್ದರೆ ಮಾತ್ರ ಜೂಮ್ ಒತ್ತಿ, ಆಗ ಕೆಳಗಿನ ಸಬ್‌ಟೈಟಲ್ ಕತ್ತರಿಸಿ ಹೋಗಬಹುದು. ಪ್ಲೇಯರ್ ಸೆಟಪ್‌ನಲ್ಲೂ ಟಿವಿ ಟೈಪ್ 16:9 ಇರಲಿ.

ಹೊರಡುವ ಮುಂಚೆ ಒಂದು ಸಂಜೆ ಕೂತು ಮದುವೆ ಡಿಸ್ಕಿನ ವಿಡಿಯೋ_ಟಿಎಸ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಸಾಮಾನ್ಯ ಡಿಸ್ಕ್ ಒಂದಕ್ಕೆ 4.7 ಜಿಬಿ ಒಳಗೇ ಆಗುತ್ತದೆ, ಕಂಪ್ಯೂಟರಿನಲ್ಲಿ ವಿಡಿಯೋ ನೋಡುವ ವಿಎಲ್‌ಸಿ ಸಾಫ್ಟ್‌ವೇರಿನಲ್ಲಿ ಹಾಗೇ ಓಡುತ್ತದೆ. ರೈಟ್ ಮಾಡಿದ ಡಿಸ್ಕ್ ಗೀರು ಬಿದ್ದೋ ಬಿಸಿಲಿಗೋ ಹಾಳಾಗುತ್ತದೆ, ಕಾಪಿ ಎರಡಿರಲಿ. ಒಂದು ಅಮ್ಮನ ಮನೆಯ ಬೀರುವಿನಲ್ಲಿ, ಒಂದು ನಿಮ್ಮ ಕೈಚೀಲದಲ್ಲಿ.